ಅಣ್ಣನ ಊರಿನ ಕಾಲುವೆ ದಾರಿ

ಚಿಕ್ಕನಾಯಕನಹಳ್ಳಿ

ಪೆಟ್ಟಿಗೆಯಲ್ಲಿ ಜಾಗವಿಲ್ಲವೆಂದು ಎಷ್ಟು ಹೇಳಿದರೂ ಗೌರಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಉಣ್ಣೆಯ ಸ್ವೆಟರನ್ನು ತೆಗೆದು ಪಕ್ಕಕ್ಕಿಟ್ಟು ಆ ಜಾಗದಲ್ಲಿ ಉಂಡೆ ಕೊಬ್ಬರಿ ಜೋಡಿಸಿದಳು. ಅವಳ ಗಂಡನ ಮನೆಯವರದು ಕೊಬ್ಬರಿ ವ್ಯಾಪಾರ. ಅಟ್ಟದ ಮೇಲೆ ವರ್ಷವೆಲ್ಲ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಉರುಳಿದವನ್ನು ಮಾತ್ರ ಆರಿಸಿ ಅವಳೇ ಒಡೆಸಿದ್ದಳು. ಒಂದೆರಡನ್ನು ಚಿಪ್ಪಿನ ಸಮೇತವೇ ಇಟ್ಟಳು.

“ಸ್ವೆಟ್ರು ಅವನೇ ಕೊಡುಸ್ತಾನೆ ಬುಡು. ಕೊಬ್ರಿ ಎಲ್ಲಿಂದ ತರ್ತಾನೆ?” ಎಂದಳು.

ಅವನು ಎಂದರೆ ನಮ್ಮ ದೊಡ್ಡಣ್ಣ ನಂಜುಂಡಪ್ಪ. ಯುದ್ಧದ ಕಾಲದಲ್ಲಿ ಯಂತ್ರದ ಕೆಲಸ ಬಲ್ಲ ಹುಡುಗರನ್ನು ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸುತ್ತಿದ್ದಾಗ ಅರಳಗುಪ್ಪೆಯ ನಮ್ಮ ಮನೆಯಿಂದ ಹೊರಟವನು. ಆಗ ನಾನಿನ್ನೂ ಚಡ್ಡಿ ಹಾಕದೆ ಬರೀ ಅಂಗಿಯಲ್ಲಿ ಓಡಾಡುತ್ತಿದ್ದ ಮಗು. ಅಣ್ಣ ಎಂದರೆ ನನಗೆ ನೆನಪಿದ್ದದ್ದು ಒಂದು ಬೆನ್ನು ಮಾತ್ರ. ಸೈಕಲ್ಲಿನ ಹಿಂದೆ ಕೂತು ನಾನು ಮುಖ ಒತ್ತಿಕೊಳ್ಳುತ್ತಿದ್ದ, ಬೆವರಿನ ವಾಸನೆಯ ಬೆನ್ನು. ಮುಖ ನೆನಪಿರಲಿಲ್ಲ.

ಯುದ್ಧ ಮುಗಿದ ಮೇಲೆ ಅವನು ಅಲ್ಲೇ ಉಳಿದ. ಲ್ಯಾಂಕಾಸ್ಟರ್ ಎಂಬ ಊರಿನ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಅವಳನ್ನು ಕಟ್ಟಿಕೊಂಡು ಈ ಹೊಸ್ತಿಲು ತುಳಿಯಬೇಡ ಎಂದು ಅಪ್ಪ ಕಾಗದ ಬರೆಸಿದರು. ಅಣ್ಣ ಬರಲಿಲ್ಲ. ಅಪ್ಪ ತೀರಿಕೊಂಡಾಗಲೂ ಬರಲಿಲ್ಲ, ಅವ್ವ ತೀರಿಕೊಂಡಾಗಲೂ ಬರಲಿಲ್ಲ. ವರ್ಷಕ್ಕೊಂದೆರಡು ಕಾಗದ ಬರುತ್ತಿದ್ದವು. ಅವೂ ಇಂಗ್ಲಿಷಿನಲ್ಲಿ, ಬಹುಪಾಲು ಹವಾಮಾನದ ಸುದ್ದಿ.

ನಾನು ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಎಂಬತ್ತರ ದಶಕದ ಮೊದಲಲ್ಲಿ ನಮ್ಮಂಥ ಕೆಲವರನ್ನು ಇಂಗ್ಲೆಂಡಿಗೆ ತರಬೇತಿಗೆ ಆರಿಸಿದರು. ತರಬೇತಿಯ ಕೊನೆಯಲ್ಲಿ ಒಂದು ವಾರ ಬಿಡುವು ಸಿಗುತ್ತದೆಂದು ತಿಳಿದ ದಿನದಿಂದ ಗೌರಕ್ಕನಿಗೆ ನಿದ್ದೆಯಿಲ್ಲ. ಬಸ್ಸು ಹತ್ತಿಸುವಾಗ ಅವಳು ಹೇಳಿದ್ದು ಇಷ್ಟೇ: “ಇಂಗ್ಲೀಸು ಆಮ್ಯಾಕೆ ಕಲ್ತ್ಕೊ. ಅವನ್ನ ಒಂದ್ಸಲ ಕರ್ಕಂಡ್ ಬಾ. ಆಯಮ್ಮನ್ನೂ ಕರ್ಕಂಡ್ ಬಾ. ಈಗ ಬ್ಯಾಡ ಅನ್ನೋರು ಯಾರವ್ರೆ?”

ಲ್ಯಾಂಕಾಸ್ಟರ್ ಸ್ಟೇಷನ್

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ತಡೆದದ್ದು ಕೊಬ್ಬರಿಯೇ. ಸುಂಕದ ಅಧಿಕಾರಿ ಒಂದು ಕಾಯಿ ಎತ್ತಿದ. ಒಳಗೆ ಏನೋ ಉರುಳಿತು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು, ಥೇಟು ಗೌರಕ್ಕನ ಹಾಗೆಯೇ, ಅಲ್ಲಾಡಿಸಿ ಕೇಳಿದ. ಇನ್ನೊಬ್ಬನನ್ನು ಕರೆದ. ಅವನೂ ಕೇಳಿದ. ಇದು ತೆಂಗಿನಕಾಯಿ, ಒಳಗೆ ನೀರು ಬತ್ತಿ ತಿರುಳು ಬಿಟ್ಟುಕೊಂಡಿದೆ ಎಂದು ನಾನು ಪಾಠ ಹೇಳುವ ದನಿಯಲ್ಲಿ ವಿವರಿಸಿದೆ. ಒಂದನ್ನು ಒಡೆದು ಮೂಸಿ ನೋಡಿ, ಉಳಿದದ್ದನ್ನು ಬಹಳ ಮರ್ಯಾದೆಯಿಂದ ವಾಪಸು ಜೋಡಿಸಿಕೊಟ್ಟರು.

ತರಬೇತಿ ಮುಗಿಸಿ, ಆ ಕೊಬ್ಬರಿಯನ್ನು ಹೊತ್ತು ಲ್ಯಾಂಕಾಸ್ಟರಿನಲ್ಲಿ ಇಳಿದಾಗ ಸಣ್ಣ ಮಳೆ. ಪ್ಲಾಟ್‌ಫಾರಮ್ಮಿನಲ್ಲಿ ನಾನು ಯಾವ ಮುಖ ಹುಡುಕಬೇಕೆಂದು ತಿಳಿಯದೆ ನಿಂತಿದ್ದೆ. ಹಸಿರು ಕೋಟಿನ ಗುಂಡಗಿನ ಹೆಂಗಸೊಬ್ಬಳು ನೇರ ನನ್ನ ಹತ್ತಿರ ಬಂದು, ಮೂಗು ಒಂದೇ ಸಾಕು ಗುರುತಿಗೆ ಎಂದಳು. ಅವಳೇ ನಮ್ಮ ಅತ್ತಿಗೆ ಎಲ್ಸಿ. ಅವಳ ಹಿಂದೆ ಟೋಪಿ ಹಾಕಿಕೊಂಡ, ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯ. ನಾನು ಕಾಲು ಮುಟ್ಟಲು ಬಗ್ಗಿದೆ. ಅವನು ಅಷ್ಟರಲ್ಲಿ ಕೈಕುಲುಕಲು ಕೈ ಚಾಚಿದ್ದ. ನನ್ನ ಹಣೆ ಅವನ ಬೆರಳ ಗೆಣ್ಣಿಗೆ ಹೊಡೆಯಿತು. ಇಬ್ಬರೂ ಸಾರಿ ಎಂದೆವು. ಅಷ್ಟು ವರ್ಷದ ಮೇಲೆ ಅಣ್ಣತಮ್ಮಂದಿರು ಆಡಿದ ಮೊದಲ ಮಾತು ಅದು.

ಮನೆಯಲ್ಲೂ ಅವನು ಆಡಿದ್ದೆಲ್ಲ ಇಂಗ್ಲಿಷೇ. ಅದೂ ಆ ಊರಿನವರ ಇಂಗ್ಲಿಷು, ಅರ್ಧ ಪದ ನುಂಗಿಕೊಂಡು ಆಡುವಂಥದ್ದು. ಮೂರು ತಿಂಗಳು ತರಬೇತಿ ಪಡೆದ ನನಗೇ ತಿಳಿಯದೆ ಎಲ್ಸಿಯ ಮುಖ ನೋಡುತ್ತಿದ್ದೆ. ಕನ್ನಡ ಮರೆತಿದ್ದಾನೆ ಎಂದುಕೊಂಡೆ. ಅವನ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಕೊರಳಲ್ಲಿ ಲಿಂಗ ಇರಲಿಲ್ಲ. ನಾನು ನೋಡಿದ್ದನ್ನು ಅವನು ನೋಡಿ ಗುಂಡಿ ಹಾಕಿಕೊಂಡ. ಕೊಬ್ಬರಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದ. ಆದರೆ ಅವನದು ಕಟ್ಟಿಸಿದ ಹಲ್ಲು, ಕಚ್ಚಲಾಗಲಿಲ್ಲ. ಎಲ್ಸಿ ಅದನ್ನು ತುರಿದು ಬಟ್ಟಲಿಗೆ ಹಾಕಿ ಕೊಟ್ಟಳು. ಚಮಚದಲ್ಲಿ ತಿಂದ.

ಗೋಡೆಯ ಮೇಲೆ ಅವ್ವನ ಚಿತ್ರವಿತ್ತು. ನನ್ನ ಮದುವೆಯ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಎಲ್ಸಿ ಅದರ ಕಡೆ ನೋಡಿ ನನಗೆ ಹೇಳಿದಳು: “ನಾನು ನ್ಯಾನ್‌ಗೆ ಯಾವಾಗಲೂ ಹೇಳುತ್ತೇನೆ. ಏನೇ ಆಗಲಿ, ನೀನು ಸಮಯಕ್ಕೆ ಸರಿಯಾಗಿ ಹೋದೆ. ಅಮ್ಮನ ಕೈ ಹಿಡಿದು ಕೂತಿದ್ದೆ. ಎಷ್ಟು ಜನಕ್ಕೆ ಅಷ್ಟು ಸಿಗುತ್ತದೆ?”

ನ್ಯಾನ್ ಎಂದರೆ ನಂಜುಂಡ. ನಾನು ಬಟ್ಟಲು ಕೆಳಗಿಟ್ಟೆ. ಅವ್ವ ಸಾಯುವಾಗ ಪಕ್ಕದಲ್ಲಿ ಇದ್ದವನು ನಾನು. ಗೌರಕ್ಕ ಇದ್ದಳು. ಅಣ್ಣ ಇರಲಿಲ್ಲ. ಅವನ ಕಡೆ ನೋಡಿದೆ. ಪರೀಕ್ಷೆಯ ಕೋಣೆಯಲ್ಲಿ ಸಿಕ್ಕಿಬಿದ್ದ ಹುಡುಗರು ಮೇಷ್ಟ್ರನ್ನು ನೋಡುವ ನೋಟ ನನಗೆ ಚೆನ್ನಾಗಿ ಗೊತ್ತು. ನನಗಿಂತ ಅಷ್ಟು ದೊಡ್ಡವನಾದ ಅಣ್ಣ ಆ ನೋಟದಿಂದ ನನ್ನನ್ನು ನೋಡುತ್ತಿದ್ದ. ಹೌದು ಎಂಬಂತೆ ತಲೆಯಾಡಿಸಿದೆ.

ಎಲ್ಸಿಗೆ ಏನೂ ಅನಿಸಲಿಲ್ಲ. ಬಿಸಿಲು ಬಂದಿದೆ, ಇವನನ್ನು ಕಾಲುವೆ ದಾರಿಯ ಮೇಲೆ ಕರೆದುಕೊಂಡು ಹೋಗು ಎಂದಳು. ಮನೆಯಲ್ಲಿ ಕೂತರೆ ನ್ಯಾನ್ ಮಾತಾಡುವುದಿಲ್ಲ, ಸೈಕಲ್ಲಿನ ಮೇಲಾದರೆ ಆಡುತ್ತಾನೆ ಎಂದು ನನಗೆ ಹೇಳಿ, ಮುಂದೆ ಬೆತ್ತದ ಬುಟ್ಟಿಯಿದ್ದ ತನ್ನದೇ ಸೈಕಲ್ಲನ್ನು ಕೊಟ್ಟಳು.

ಕಾಲುವೆಗೆ ಇಳಿದದ್ದು

ಕಾಲುವೆ ಎಂದರೆ ನಮಗೆ ಬೋರನಕಣಿವೆ ಅಣೆಕಟ್ಟಿನಿಂದ ಬರುವಂಥದ್ದು. ಬಿಟ್ಟಾಗ ಬರುತ್ತದೆ, ನಿಲ್ಲಿಸಿದಾಗ ಒಣಗುತ್ತದೆ, ನೀರಿರುವಷ್ಟು ದಿನ ಜಗಳವಿರುತ್ತದೆ. ಲ್ಯಾಂಕಾಸ್ಟರಿನ ಕಾಲುವೆ ದಂಡೆಯ ಮಟ್ಟಕ್ಕೆ ತುಂಬಿ ಅಲ್ಲಾಡದೆ ನಿಂತಿತ್ತು. ಊರಿನ ನಡುವೆಯೇ, ಮನೆಗಳ ಹಿತ್ತಲ ಗೋಡೆಗಳನ್ನು ಸವರಿಕೊಂಡು ಹೋಗುತ್ತಿತ್ತು. ಒಂದು ತೂಬಿಲ್ಲ, ಒಂದು ಹೊಲಕ್ಕೂ ಅದರ ನೀರು ಹಾಯುವುದಿಲ್ಲ. ಹಿಂದೆ ಕಲ್ಲಿದ್ದಲು ಸಾಗಿಸುವ ದೋಣಿಗಳಿಗಾಗಿ ತೋಡಿದ್ದಂತೆ. ದಂಡೆಯ ಮೇಲೆ ಕುದುರೆ ನಡೆಯುತ್ತ ಹಗ್ಗದಿಂದ ದೋಣಿಯನ್ನು ಎಳೆಯುತ್ತಿತ್ತಂತೆ. ಈಗ ಆ ಕುದುರೆ ದಾರಿಗೇ ಡಾಂಬರು ಹಾಕಿ, ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟಿದ್ದರು. ಲಾರಿಯಿಲ್ಲ, ಬಸ್ಸಿಲ್ಲ, ಗುಂಡಿಯಿಲ್ಲ. ತಿಪಟೂರಿನ ಸಂತೆ ದಿನ ಸೈಕಲ್ ತುಳಿದು ಪಳಗಿದ ನನಗೆ ಅಷ್ಟು ಸಲೀಸು ದಾರಿಯಲ್ಲಿ ಕೈಕಾಲು ಏನು ಮಾಡಬೇಕೆಂದೇ ತೋಚಲಿಲ್ಲ.

ಇಷ್ಟು ನೀರು ಸುಮ್ಮನೆ ನಿಂತಿದೆಯಲ್ಲ, ಯಾರೂ ತಿರುಗಿಸಿಕೊಳ್ಳುವುದಿಲ್ಲವೇ ಎಂದು ಕೇಳಿದೆ. ಅಣ್ಣ ಆಕಾಶ ತೋರಿಸಿದ. ಮತ್ತೆ ಮೋಡ ಕವಿಯುತ್ತಿತ್ತು.

ದಾರಿಯುದ್ದಕ್ಕೂ ಮಡಿಸುವ ಕುರ್ಚಿಗಳಲ್ಲಿ, ದೊಡ್ಡ ಛತ್ರಿಗಳ ಕೆಳಗೆ, ಗಾಳ ಹಾಕಿಕೊಂಡು ಕೂತವರಿದ್ದರು. ಒಬ್ಬನಿಗೆ ಅಂಗೈಯುದ್ದದ ಮೀನು ಸಿಕ್ಕಿತು. ಅವನು ಗಾಳವನ್ನು ಜೋಪಾನವಾಗಿ ಬಿಡಿಸಿ, ಮೀನನ್ನು ಒಂದು ಗಳಿಗೆ ನೋಡಿ, ಮತ್ತೆ ನೀರಿಗೇ ಬಿಟ್ಟ. ತಿನ್ನದ ಮೇಲೆ ಹಿಡಿಯುವುದೇಕೆ ಎಂದು ಲಿಂಗಾಯತರವನಾದ ನಾನು ಕೇಳಬಾರದು, ಆದರೂ ಕೇಳಿದೆ. ದಿನ ಕಳೆಯಬೇಕಲ್ಲ ಎಂದ ಅಣ್ಣ. ಕಲ್ಲಿನ ಕಮಾನು ಸೇತುವೆಯೊಂದರ ಕೆಳಗೆ ನುಗ್ಗುವಾಗ ಅವನು ಗೋಡೆಯ ಮೂಲೆಯನ್ನು ಮುಟ್ಟಿ ತೋರಿಸಿದ. ದೋಣಿಯ ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳು ಹುದುಗುವಷ್ಟು ಆಳದ ಗೀರುಗಳು ಬಿದ್ದಿದ್ದವು. ನಮ್ಮ ಸೇದುವ ಬಾವಿಯ ಕಲ್ಲಿನ ಮೇಲೆ ಇರುವಂಥವೇ. ಇಬ್ಬರೂ ಅದನ್ನೇ ನೆನೆಸಿಕೊಂಡೆವೆಂದು ಕಾಣುತ್ತದೆ.

ಸೇತುವೆ ದಾಟಿದ್ದೇ ತಡ, ದಾರಿಯ ನಡುವೆ ಒಂದು ಹಂಸ. ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತ ಬಂದ ಹಕ್ಕಿ, ರೆಕ್ಕೆ ಕೆದರಿಕೊಂಡು, ನಾಗರಹಾವಿನಂತೆ ಕತ್ತು ಚಾಚಿ ಬುಸುಗುಟ್ಟುತ್ತ ನನ್ನ ಕಡೆಗೇ ಬಂತು. ನಾನು ಹ್ಯಾಂಡಲ್ ತಿರುಗಿಸಿದೆ. ತಿರುಗಿಸಬಾರದ ಕಡೆಗೆ ತಿರುಗಿಸಿದ್ದೆ. ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿಕೊಂಡಿತು. ಒಂದು ಕಾಲು ಮೊಣಕಾಲಿನವರೆಗೆ ಕಾಲುವೆಯಲ್ಲಿ, ಎಲ್ಸಿಯ ಸೈಕಲ್ಲು ನನ್ನ ಮೇಲೆ, ಬುಟ್ಟಿಯಲ್ಲಿದ್ದ ರೊಟ್ಟಿಯ ಪೊಟ್ಟಣ ನೀರಿನಲ್ಲಿ.

“ಲೇ ಸಿದ್ದ, ಕೈ ಕೊಡ್ಲಾ. ಆ ಕಡೆ ಆಳ ಐತೆ,” ಎಂಬ ದನಿ ಕೇಳಿತು.

ನನ್ನ ಹೆಸರು ಸಿದ್ದಲಿಂಗಪ್ಪ. ಸಿದ್ದ ಎಂದು ಕರೆಯುವವಳು ಗೌರಕ್ಕ ಒಬ್ಬಳೇ ಉಳಿದಿದ್ದಳು. ಅಣ್ಣ ನನ್ನ ರಟ್ಟೆ ಹಿಡಿದು ಎಳೆದು ಹುಲ್ಲಿನ ಮೇಲೆ ಕೂರಿಸಿದ. ನನ್ನ ಕಾಲುಚೀಲ ಕಳಚಿ ಹಿಂಡುತ್ತ, ಈ ಹಕ್ಕಿಗಳ ಎದುರಿಗೆ ಹೋಗಬಾರದು, ಇಲ್ಲಿ ಅವೇ ಊರಗೌಡರು ಎಂದು ಬೈದ. ಅದೆಲ್ಲ ಕನ್ನಡದಲ್ಲೇ. ಅವನಿಗೆ ಅದು ಗೊತ್ತಾದದ್ದು ಅರ್ಧ ಹಿಂಡಿದ ಮೇಲೆ. ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಇಬ್ಬರೂ ನಕ್ಕೆವು. ಮೀನು ಹಿಡಿಯುವವರು ತಿರುಗಿ ನೋಡುವಷ್ಟು ನಕ್ಕೆವು.

ಅಲ್ಲಿಂದ ಮುಂದೆ ಅವನ ಕನ್ನಡ ತಡವರಿಸುತ್ತಲೇ ಬಂತು, ಆದರೆ ನಿಲ್ಲಲಿಲ್ಲ. ಅವನದು ನಾಲ್ವತ್ತು ವರ್ಷದ ಹಿಂದೆ ನಿಂತುಹೋದ ಅರಳಗುಪ್ಪೆಯ ಮಾತು. ರೈಲಿಗೆ ಹೊಗೆಬಂಡಿ ಎಂದ. ಅವ್ವನೊಂದಿಗೆ ಹೋಯಿತು ಎಂದುಕೊಂಡಿದ್ದ ಎಷ್ಟೋ ಪದಗಳನ್ನು ಅವನ ಬಾಯಲ್ಲಿ ಕೇಳಿದೆ.

ಮುಚ್ಚಿದ ಗಿರಣಿ

ಸ್ವಲ್ಪ ದೂರದಲ್ಲಿ ಅವನು ದುಡಿದ ಗಿರಣಿ ಸಿಕ್ಕಿತು. ಕಾಲುವೆಯ ಅಂಚಿನಿಂದಲೇ ಎದ್ದ ಕಲ್ಲಿನ ಗೋಡೆ, ಸಾಲು ಸಾಲು ಒಡೆದ ಕಿಟಕಿಗಳು. ನೆಲಕ್ಕೆ ಹಾಸುವ ಮೇಣದ ಹಾಳೆ ಅಲ್ಲಿ ತಯಾರಾಗುತ್ತಿತ್ತು. ಆ ಹಾಳೆಗೆ ಗಿರಾಕಿ ಇಲ್ಲವಾಗಿ ಗಿರಣಿ ಮುಚ್ಚಿ, ಅಣ್ಣ ಬೇಗನೆ ಮನೆ ಸೇರಿದ್ದ. ಯಾವ ಕಿಟಕಿಯ ಹಿಂದೆ ತನ್ನ ಯಂತ್ರವಿತ್ತೆಂದು ಬೆರಳು ಚಾಚಿ ತೋರಿಸಿದ. ಊರಿನಿಂದ ನಾವು ಬರೆದ ಕಾಗದಗಳೆಲ್ಲ ಮೊದಲು ಈ ಗಿರಣಿಯ ವಿಳಾಸಕ್ಕೇ ಬರುತ್ತಿದ್ದವಂತೆ. ಅಪ್ಪನ ಬೈಗುಳ ಎಲ್ಸಿಯ ಕಿವಿಗೆ ಬೀಳದಿರಲೆಂದು ಅವನೇ ಮಾಡಿಕೊಂಡ ಏರ್ಪಾಟು.

ನಾವು ಹಾಗೆ ಮಾತಾಡುತ್ತ ಹೋಗುವಾಗ ಮುಂದೆ ಒಬ್ಬ ಮುದುಕಿ, ಎರಡು ನಾಯಿಗಳೊಂದಿಗೆ, ದಾರಿಯ ಅಗಲಕ್ಕೂ ನಡೆಯುತ್ತಿದ್ದಳು. ನಾನು ಬೆಲ್ ಹೊಡೆದು, ಕನ್ನಡದ ಗುಂಗಿನಲ್ಲಿ, “ದಾರಿ ಬುಡಿ ತಾಯಿ,” ಎಂದೆ. ಅವಳಿಗೆ ಏನು ತಿಳಿಯಿತೋ, ನಾಯಿಗಳನ್ನು ಎಳೆದುಕೊಂಡು ಸರಿದು ನನಗೇ ಥ್ಯಾಂಕ್ಸ್ ಹೇಳಿದಳು. ನಮ್ಮಲ್ಲಿ ದಾರಿ ಬಿಟ್ಟವರು ಬೈಯುತ್ತಾರೆ. ಈ ದೇಶದಲ್ಲಿ ದಾರಿ ಬಿಟ್ಟವರೇ ಉಪಕಾರ ಸ್ಮರಿಸುತ್ತಾರಲ್ಲ ಎಂದು ನಗುತ್ತ ತಿರುಗಿದರೆ ಅಣ್ಣ ಹಿಂದೆ ಇರಲಿಲ್ಲ. ಗಿರಣಿಯ ಗೋಡೆಯ ಹತ್ತಿರ ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದ. ಅವನ ಮುಖ ಬಿಳುಚಿಕೊಂಡಿತ್ತು. ಏನಾಯಿತೆಂದು ಕೇಳಿದೆ. ಏನಿಲ್ಲ, ನಡಿ ಎಂದ.

ನದಿಯ ಮೇಲಿನ ಕಾಲುವೆ

ಊರು ಮುಗಿಯುವಲ್ಲಿ ಆ ಕಾಲುವೆ ಒಂದು ನದಿಯನ್ನು ದಾಟುತ್ತದೆ. ಕಾಲುವೆಗೇ ಕಲ್ಲಿನ ಸೇತುವೆ ಕಟ್ಟಿದ್ದಾರೆ. ಮೇಲೆ ದೋಣಿ ಹೋಗುವಷ್ಟು ನೀರು ನಿಂತಿದೆ, ಕೆಳಗೆ, ತಲೆ ತಿರುಗುವಷ್ಟು ಆಳದಲ್ಲಿ, ಲೂನ್ ನದಿ ಹರಿಯುತ್ತದೆ. ನೀರಿನ ಕೆಳಗೆ ನೀರು. ನಾನು ಸೈಕಲ್ ಒರಗಿಸಿ ಆ ಕಡೆ ಈ ಕಡೆ ಓಡಾಡಿ ನೋಡಿದೆ. ಗೌರಕ್ಕನಿಗೆ ಇದನ್ನು ಹೇಗೆ ವರ್ಣಿಸುವುದೆಂದು ಯೋಚಿಸುತ್ತಿದ್ದೆ.

ಅಣ್ಣ ಕಟಕಟೆಯ ಕಲ್ಲಿಗೆ ಮೊಣಕೈ ಊರಿ ಕೆಳಗೆ ನೋಡುತ್ತ, ಎಲ್ಸಿ ಬೆಳಿಗ್ಗೆ ಹೇಳಿದಳಲ್ಲ, ಅದು ನಿಜವಲ್ಲ ಎಂದ. ನನಗೆ ಗೊತ್ತು ಎಂದೆ.

“ಪೂರ್ತಿ ಸುಳ್ಳೂ ಅಲ್ಲ ಕಣ್ಲಾ. ನಾನು ಬಂದಿದ್ದೆ.”

ಆಮೇಲೆ ಎಲ್ಲ ಹೇಳಿದ. ಅವ್ವನಿಗೆ ಹುಷಾರಿಲ್ಲವೆಂದು ನಾನು ಬರೆದ ಕಾಗದ ಗಿರಣಿಗೆ ಬಂದಿತ್ತು. ಎಲ್ಸಿ ವರ್ಷಗಳಿಂದ ಹೋಗು ಹೋಗು ಎನ್ನುತ್ತಿದ್ದಳು. ನಿನ್ನ ಸೇರಿಸದ ಮನೆಗೆ ನಾನೂ ಕಾಲಿಡುವುದಿಲ್ಲ ಎಂದು ಇವನು ಹಟ ಹಿಡಿದಿದ್ದ. ಕಾಗದ ಓದಿದ ಮೇಲೆ ಹಟ ಕರಗಿ ಹಡಗು ಹತ್ತಿದ. ಮುಂಬಯಿಯಿಂದ ರೈಲು ಬದಲಾಯಿಸಿಕೊಂಡು ಬಂದು, ಒಂದು ಬೆಳಿಗ್ಗೆ ಅರಳಗುಪ್ಪೆ ಸ್ಟೇಷನ್ನಿನಲ್ಲಿ ಇಳಿದ. ನಡೆದುಕೊಂಡು ಕೆರೆಯ ಏರಿಯ ಮೇಲೆ ಬರುತ್ತಿದ್ದಾಗ ಎದುರಿಗೆ ಒಂದು ಸೈಕಲ್ಲು ಬಂತು. ತುಳಿಯುತ್ತಿದ್ದವನ ಹಿಂದೆ ಹೊಸ ಸೀರೆಯುಟ್ಟ ಹೆಂಡತಿ. ನಾನು ಕಳಿಸಿದ್ದ ಮದುವೆಯ ಫೋಟೋ ಅವನ ಜೇಬಿನಲ್ಲೇ ಇತ್ತು. ನೋಡಿದ ಕೂಡಲೇ ಗುರುತು ಹತ್ತಿತು.

“ಕೂಗಬೇಕು ಅಂದ್ಕಂಡೆ. ಬಾಯಿಗೆ ಕನ್ನಡ ಬರ್ನಿಲ್ಲ. ನೀನು ನನ್ನ ಮಕ ನೋಡ್ದೆ. ಬೆಲ್ ಹೊಡ್ದೆ. ದಾರಿ ಬುಡಿ ಸ್ವಾಮಿ ಅಂದೆ.” ಕಟಕಟೆಯಿಂದ ಮೊಣಕೈ ತೆಗೆದು ಹೇಳಿದ, “ನಾನು ಬುಟ್ಟೆ.”

ಆದರೂ ಅವನು ಊರೊಳಗೆ ಹೋದನಂತೆ, ಅವ್ವನನ್ನು ನೋಡಿದರೆ ಸಾಕೆಂದು. ಹಳೇ ಗುಡಿಯ ಹತ್ತಿರ ಯಾರೋ ಕೂತಿದ್ದರು. ಅವ್ವನ ಹೆಸರು ಹೇಳಿ ಹೇಗಿದ್ದಾರೆ ಎಂದು ಕೇಳಿದ. ಆಯಮ್ಮ ಹೋಗಿ ತಿಂಗಳಾಗುತ್ತ ಬಂತಲ್ಲ, ತಾವು ಯಾರು ಎಂದು ಅವರು ಕೇಳಿದರು. ದಾರಿಹೋಕ ಎಂದ. ಗುಡಿಯೊಳಗೆ ಹೋಗಿ ಕಂಬಕ್ಕೆ ಒರಗಿ ಕೂತ. ನಮ್ಮ ಮನೆಯ ಬಾಗಿಲು ಅಲ್ಲಿಗೆ ಎಷ್ಟು ದೂರ ಹೇಳು, ಒಂದು ಕೂಗಿನ ದೂರ ಎಂದು ನನ್ನನ್ನೇ ಕೇಳಿದ. ಒಳಗೆ ಬಂದು ಯಾರಿಗೆ ಏನೆಂದು ಹೇಳಲಿ? ಅವ್ವ ಇಲ್ಲ. ತಮ್ಮನಿಗೆ ಗುರುತಿಲ್ಲ. ಹೊತ್ತು ಇಳಿದ ಮೇಲೆ ಮತ್ತೆ ಸ್ಟೇಷನ್ನಿಗೆ ನಡೆದು ಸಂಜೆಯ ಪ್ಯಾಸೆಂಜರ್ ಹತ್ತಿದ. ವಾಪಸು ಬಂದಾಗ ಗಿರಣಿಯಲ್ಲಿ ನನ್ನ ಇನ್ನೊಂದು ಕಾಗದ ಕಾದಿತ್ತು, ಅವ್ವ ತೀರಿಕೊಂಡಳೆಂದು. ಎಲ್ಸಿ ಅಷ್ಟು ಹೇಳಿದರೂ ಕೇಳದೆ ತಡಮಾಡಿದೆ ಎಂದು ಅವಳ ಮುಂದೆ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಹೋದೆ, ನೋಡಿದೆ, ಕೈ ಹಿಡಿದು ಕೂತಿದ್ದೆ ಎಂದುಬಿಟ್ಟ.

ನಾನು ಆ ಬೆಳಗನ್ನು ನೆನಪು ಮಾಡಿಕೊಳ್ಳಲು ಅಲ್ಲೇ ನಿಂತು ಪ್ರಯತ್ನಪಟ್ಟೆ. ಆಮೇಲೂ ಎಷ್ಟೋ ಸಲ ಪಟ್ಟಿದ್ದೇನೆ. ಆ ಏರಿಯ ಮೇಲೆ ದಿನಕ್ಕೆರಡು ಸಲ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಎಮ್ಮೆಗೆ, ಬಂಡಿಗೆ, ಹುಲ್ಲಿನ ಹೊರೆ ಹೊತ್ತವರಿಗೆ, ಪರವೂರಿನವರಿಗೆ, ಎಲ್ಲರಿಗೂ ಬೆಲ್ ಹೊಡೆದಿದ್ದೇನೆ. ಅವರಲ್ಲಿ ಅಣ್ಣ ಯಾವನು? ಟೋಪಿ ಇತ್ತೇ, ಕೋಟು ಇತ್ತೇ? ಹೆಂಡತಿಯನ್ನೂ ಕೇಳಿದೆ. ಅವಳಿಗೂ ನೆನಪಿಲ್ಲ. ನೆನಪಿದ್ದರೆ ಅದನ್ನು ಹಿಡಿದು ಅಳಬಹುದಿತ್ತು. ಅದೂ ಇಲ್ಲ.

ಹೆಸ್ಟ್ ಬ್ಯಾಂಕ್

ಅಲ್ಲಿಂದ ಮುಂದೆ ಕಾಲುವೆ ಸಮುದ್ರದ ಹತ್ತಿರಕ್ಕೆ ಹೋಗುತ್ತದೆ. ಹೆಸ್ಟ್ ಬ್ಯಾಂಕ್ ಎಂಬ ಸಣ್ಣ ಊರಿನ ಹತ್ತಿರ ಸೈಕಲ್ ನಿಲ್ಲಿಸಿ ಬೆಂಚಿನ ಮೇಲೆ ಕೂತೆವು. ಸಮುದ್ರ ಎಂದು ಅಣ್ಣ ತೋರಿಸಿದ ಕಡೆ ನೀರೇ ಇರಲಿಲ್ಲ. ಇಳಿತದ ಹೊತ್ತಿಗೆ ಅಲ್ಲಿ ಸಮುದ್ರ ಕಣ್ಣಿಗೆ ಕಾಣದಷ್ಟು ದೂರ ಸರಿದು ಬರೀ ಒದ್ದೆ ಮರಳು ಉಳಿಯುತ್ತದಂತೆ. ನಮ್ಮ ರೊಟ್ಟಿ ಮೀನಿನ ಪಾಲಾಗಿತ್ತು. ಫ್ಲಾಸ್ಕಿನಲ್ಲಿದ್ದ ಚಹಾ ಹಂಚಿಕೊಂಡೆವು.

ನಾನು ಗೌರಕ್ಕನ ಮಾತು ತೆಗೆದೆ. ಅವಳಿಗೆ ನೀನು ನೆನಪಿದ್ದೀಯ, ಮುಖವೂ ನೆನಪಿದೆ, ಇವತ್ತಿಗೂ ಹಬ್ಬದ ದಿನ ನಿನ್ನ ಹೆಸರು ಎತ್ತುತ್ತಾಳೆ ಎಂದೆ. ಅತ್ತಿಗೆಯನ್ನೂ ಕರೆತರಬೇಕೆಂದು ಅವಳೇ ಹೇಳಿ ಕಳಿಸಿದ್ದಾಳೆ, ನನ್ನ ಜೊತೆಗೇ ಹೊರಡಿ ಎಂದೆ.

ಅಣ್ಣ ಉಳಿದ ಚಹಾವನ್ನು ಹುಲ್ಲಿಗೆ ಚೆಲ್ಲಿದ. “ಎಲ್ಸಿನ ಬುಟ್ಟು ಬರಲ್ಲ ನಾನು,” ಎಂದ. “ಕರ್ಕಂಡ್ ಬಂದ್ರೆ, ನಿಮ್ಮೂರೋರು ಏನಂತಾರೆ? ಹೋದೋನು ಇವತ್ತೇ ಮೊದಲ್ನೇ ಸಲ ಬಂದ ಅಂತಾರೆ. ಅವಳ ಮುಂದೇನೇ ಅಂತಾರೆ.”

ಅವಳಿಗೆ ಕನ್ನಡ ಬರುವುದಿಲ್ಲವಲ್ಲ ಎಂದೆ. ಗೌರಿ ತಬ್ಬಿಕೊಂಡು ಅತ್ತರೆ ಅದಕ್ಕೆ ಭಾಷೆ ಬೇಕೇನೋ ಎಂದ. ಹಾಗಾದರೆ ಎಲ್ಸಿಗೆ ನಿಜ ಹೇಳಿಬಿಡು, ಇಪ್ಪತ್ತು ವರ್ಷದ ಮೇಲೆ ಯಾರು ಸಿಟ್ಟಾಗುತ್ತಾರೆ ಎಂದೆ. ಅವಳು ಸಿಟ್ಟಾಗುವುದಿಲ್ಲ, ಅದಕ್ಕೇ ಹೇಳಲಾರೆ ಎಂದ. ಎಲ್ಸಿ ಸಾಯುತ್ತಿದ್ದ ತನ್ನ ತಾಯಿಯ ಪಕ್ಕದಲ್ಲಿ ಕೂತಾಗ, ನನ್ನ ಗಂಡ ಅಷ್ಟು ದೂರ ಹೋಗಿ ಕೂತಿದ್ದನಲ್ಲ ಎಂದು ಧೈರ್ಯ ತಂದುಕೊಂಡಿದ್ದಳಂತೆ. ಅದನ್ನು ಈಗ ಹೇಗೆ ಕಿತ್ತುಕೊಳ್ಳಲಿ ಎಂದು ಕೇಳಿದ.

ಅವನು ಆಡಿದ ಒಂದು ಸುಳ್ಳು ಬಾಗಿಲಾಗಿ ನಿಂತುಬಿಟ್ಟಿತ್ತು, ಅವನು ಹೊರಗೆ ಉಳಿದಿದ್ದ. ಅಪ್ಪ ಹಾಕಿದ ಬಾಗಿಲು ಅಪ್ಪನ ಜೊತೆಗೇ ಹೋಗಿತ್ತು. ಇದು ಹೋಗುವಂಥದ್ದಲ್ಲ. ವಾಪಸು ಬರುವಾಗ ಎದುರುಗಾಳಿ. ಅವನು ಮುಂದೆ, ನಾನು ಹಿಂದೆ. ಆ ಡಾಂಬರು ದಾರಿಯ ಉದ್ದಕ್ಕೂ ನಾನು ನೋಡಿದ್ದು ಅವನ ಬೆನ್ನನ್ನೇ.

ಅಣ್ಣನ ಅಡಿಗೆಮನೆ

ಹೊರಡುವ ದಿನ ಬೆಳಿಗ್ಗೆ ಎಲ್ಸಿ ತಟ್ಟೆ ತೊಳೆಯುತ್ತಿದ್ದಳು, ನಾನು ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದೆ. ಗಂಡಸರು ತಟ್ಟೆ ಒರೆಸುವುದು ಆ ಮನೆಯ ಪದ್ಧತಿ. ಹೊರಗೆ ಅಣ್ಣ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು. ಎಲ್ಸಿ ಮೆಲ್ಲಗೆ, ನ್ಯಾನ್‌ನನ್ನು ಕೇಳಿದರೆ ಅವನು ಹೇಳುವುದಿಲ್ಲ, ಅಮ್ಮನಿಗೆ ಕೊನೆಯಲ್ಲಿ ಬಹಳ ನೋವಾಯಿತೇ ಎಂದು ಕೇಳಿದಳು.

ಇಲ್ಲ ಎಂದೆ. ಕೊನೆಯ ದಿನ ಅವ್ವ ಕಣ್ಣು ಮುಚ್ಚಿಕೊಂಡೇ ನಂಜ ಬಂದನೇ ಎಂದು ಕೇಳಿದಳು. ಬಂದಿದ್ದೇನೆ ಎಂಬ ಮಾತು ಕೇಳಿ ಕೈ ಚಾಚಿದಳು. ಕೊಟ್ಟ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು, ಎಷ್ಟು ಒರಟಾಗಿದೆ ನಂಜ ನಿನ್ನ ಕೈ ಎಂದಳು. ಪ್ರಾಣ ಹೋಗುವವರೆಗೂ ಬಿಡಲಿಲ್ಲ. ಹೀಗೆ ಎಲ್ಸಿಗೆ ಹೇಳಿದೆ.

ಅದರಲ್ಲಿ ಒಂದು ಪದವೂ ಕಟ್ಟಿದ್ದಲ್ಲ. ಎಲ್ಲ ಹಾಗೆಯೇ ನಡೆದದ್ದು. ಆದರೆ ಆ ಕೈ ನನ್ನದು. ಬಂದಿದ್ದೇನೆ ಎಂದವನೂ ನಾನೇ. ಅವ್ವನಿಗೆ ಸಮಾಧಾನವಾಗಲೆಂದು ಅವತ್ತು ನಾನು ನಂಜನಾಗಿದ್ದೆ. ಇದನ್ನು ನಾನು ಅಣ್ಣನಿಗೆ ಎಂದೂ ಬರೆದಿರಲಿಲ್ಲ. ಬಾರದವನಿಗೆ ಬರೆದು ನೋಯಿಸುವುದೇಕೆ ಎಂದು ಸುಮ್ಮನಿದ್ದೆ.

ಎಲ್ಸಿ ಒದ್ದೆ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಪಂಪಿನ ಸದ್ದು ಯಾವಾಗಲೋ ನಿಂತುಹೋಗಿತ್ತು. ತಿರುಗಿ ನೋಡಿದರೆ ಅಣ್ಣ ಹಿತ್ತಲ ಬಾಗಿಲಲ್ಲಿ ಪಂಪು ಹಿಡಿದು ನಿಂತಿದ್ದ. ಅದು ಯಾರ ಕೈ ಎಂದು ಅವನಿಗೆ ತಿಳಿದುಹೋಗಿತ್ತು. ನನ್ನ ಹತ್ತಿರ ಬಂದು, ತಟ್ಟೆ ಒರೆಸುವ ಬಟ್ಟೆಯ ಸಮೇತ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಾಗೇ ನಿಂತಿದ್ದ. ಅಣ್ಣತಮ್ಮಂದಿರು ಬೀಳ್ಕೊಳ್ಳುತ್ತಿದ್ದಾರೆ ಎಂದುಕೊಂಡು ಎಲ್ಸಿ ನಮ್ಮಿಬ್ಬರನ್ನೂ ಬಿಟ್ಟು ಹೊರಗೆ ಹೋದಳು.

ಮತ್ತೆ ಚಿಕ್ಕನಾಯಕನಹಳ್ಳಿ

ಅಣ್ಣ ಬರಲಿಲ್ಲ. ಕೆಲವು ವರ್ಷ ಬಿಟ್ಟು, ಒಂದು ಚಳಿಗಾಲದಲ್ಲಿ ಅವನು ಹೋದನೆಂದು ಎಲ್ಸಿಯ ತಂತಿ ಬಂತು. ಅದು ಆಮೇಲಿನ ಮಾತು. ಇಂಗ್ಲೆಂಡಿನಿಂದ ಬಂದ ಮರುದಿನ ನಾನು ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ತೆಂಗಿನ ತೋಟಗಳು ಓಡುತ್ತಿದ್ದವು. ಅಕ್ಕನಿಗೆ ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂದು ದಾರಿಯೆಲ್ಲ ಲೆಕ್ಕ ಹಾಕಿದೆ. ಮುಂಬಾಗಿಲಲ್ಲಿ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಅವಳು ಇಣುಕಿ ನೋಡಿದಾಗ ಆ ಲೆಕ್ಕವೆಲ್ಲ ಬಿದ್ದುಹೋಯಿತು. ಜಗುಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವನು ಬಂದಿದ್ದನೆಂದೂ, ಏರಿಯ ಮೇಲೆ ನಾನು ನೋಡಿಯೂ ಗುರುತು ಹಿಡಿಯಲಿಲ್ಲವೆಂದೂ, ಗುಡಿಯಲ್ಲಿ ಕೂತಿದ್ದು ಸಂಜೆ ಹೊರಟುಹೋದನೆಂದೂ ಹೇಳಿದೆ.

ಅಕ್ಕ ಅಳುತ್ತಾಳೆ, ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಆಮೇಲೆ ಕೇಳಿದಳು:

“ಅವತ್ತು ಎಲ್ಲಿ ಉಂಡ್ನಂತೆ?”

ನಾನು ಅವಳ ಮುಖ ನೋಡಿದೆ. ಅಷ್ಟು ದೂರ ಹೋಗಿದ್ದೆ, ದಿನವೆಲ್ಲ ಅವನ ಪಕ್ಕದಲ್ಲಿ ಸೈಕಲ್ ತುಳಿದಿದ್ದೆ, ಏನೇನೋ ಕೇಳಿದ್ದೆ. ಆ ಮಾತು ನನಗೆ ಹೊಳೆದಿರಲಿಲ್ಲ. ಬರೆದು ಕೇಳುವಂತೆಯೂ ಇರಲಿಲ್ಲ. ಅಣ್ಣನಿಗೆ ಸಣ್ಣ ಅಕ್ಷರ ಕಾಣದಾಗಿ, ಈಗೀಗ ನನ್ನ ಕಾಗದಗಳನ್ನು ಅವನಿಗೆ ಓದಿ ಹೇಳುತ್ತಿದ್ದವಳು ಎಲ್ಸಿಯೇ.

“ಕೇಳ್ಲಿಲ್ಲ ಕಣಕ್ಕ,” ಎಂದೆ.

“ಬೆಳಿಗ್ಗೆ ಬಂದೋನು ಸಂಜೆ ಹೋದ ಅಂತೀಯ,” ಎಂದಳು ಅಕ್ಕ. “ನಮ್ಮೂರಾಗೆ ಆಗ ಒಂದು ಹೋಟ್ಲೂ ಇರ್ನಿಲ್ವಲ್ಲ, ಸಿದ್ದ.”